ಗೀರಿಲ್ಲದ ಗಡಿಯಾರ

ಆದಿಯರಿಯದೆ ಹುಟ್ಟಿ ಅಂತ್ಯವರಿಯದೆ ಹರಿಯುವ ಕಾಲವನ್ನೇ ಉಸಿರಾಗಿ ಧರಿಸಿದ ಪರಮಾತ್ಮನಿಗೆ ಮೊದಲ ನಮನ. ಕೂಡಿದುದನ್ನು ಬಿಡಿಸುವವನೂ ಬಿಡಿಸಿದುದನ್ನು ಮರಳಿ ಕೂಡಿಸುವವನೂ ಅವನೊಬ್ಬನೇ. ಅವನ ಆ ಕೆಲಸಕ್ಕೆ ಅರಿಯದೆ ಕೈಹಚ್ಚಿದ ಎಳೆಯ ಜೀವವೊಂದರ ಕಥೆಯಿದು. ಹೇಳುವ ನಾಲಿಗೆಗೆ ತಪ್ಪದ ನಡೆಯನ್ನೂ ಕೇಳುವ ಕಿವಿಗೆ ತಾಳ್ಮೆಯನ್ನೂ ಅವನು ಕರುಣಿಸಲಿ.

"ಕೂರ್ತಾ ಇಲ್ಲ," ಎಂದರು ಪೇಟೆಯಲ್ಲಿ ಹಳೆಯ ಸಾಮಾನುಗಳ ಹರಾಜು ನಡೆಸುವ ಹರಾಜಿನವರು.

ಕೀಲಿ ಕೊಡುವ ಟೊಳ್ಳು ತುದಿಯ ಕೀಲಿಕೈಯನ್ನು ಗಡಿಯಾರದ ಮುಖದಲ್ಲಿದ್ದ ರಂಧ್ರದೊಳಕ್ಕೆ ಅವರು ಮತ್ತೊಮ್ಮೆ ಒತ್ತಿದರು. ಒಳಗಿನ ಚೌಕ ಮೊಳೆಯ ತುದಿಗೆ ತಾಗಿ ಅದು ಟಿಕ್ಕೆಂದು ನಿಂತಿತೇ ಹೊರತು ಮುಂದೆ ಹೋಗಲಿಲ್ಲ. ಒಂದೇ ಕೈಯಲ್ಲಿ ಎಲ್ಲವನ್ನೂ ಮಾಡುತ್ತಿದ್ದುದರಿಂದ ಗಡಿಯಾರ ಮೇಜಿನ ಮೇಲೆ ಜಾರುತ್ತಿತ್ತು. ಅವರ ಎಡಗೈ ಎಂದಿನಂತೆ ಕೋಟಿನ ಜೇಬಿನಲ್ಲಿ ಅಡಗಿತ್ತು.

"ಹೋದ ವಾರ ನಾನು ಇಲ್ಲಿ ತಂದುಕೊಟ್ಟಾಗ ಬೆಣ್ಣೆಯೊಳಗೆ ಹೋದ ಹಾಗೆ ಹೋಗ್ತಿತ್ತು ರಿಪೇರಿಯವರೇ. ಈಗೇನಾಯ್ತು?"

"ಕೊಡಿ ಯಜಮಾನರೇ, ನೋಡ್ತೀನಿ."

ಗಡಿಯಾರ ರಿಪೇರಿಯವರು ಕಣ್ಣಿಗೆ ಮಸೂರವನ್ನು ಸಿಕ್ಕಿಸಿಕೊಂಡು ಬಗ್ಗಿದರು. ಬಗ್ಗಿದವರು ಬೇಗ ಏಳಲಿಲ್ಲ. ಅವರ ಹದಿನಾರರ ಮಗಳು ಮೇಜಿನ ಇನ್ನೊಂದು ತುದಿಯಲ್ಲಿ ಕೈಗಡಿಯಾರದ ಪಟ್ಟಿಗಳನ್ನು ಒರೆಸುತ್ತ, ತಂದೆಯ ಬೆನ್ನು ಅಷ್ಟು ಹೊತ್ತು ಅಲ್ಲಾಡದಿರುವುದನ್ನು ಗಮನಿಸಿದಳು.

"ಮೊಳೆ ದಪ್ಪ ಇದೆ," ಎಂದರು ಅವರು ಕೊನೆಗೆ. "ಇದನ್ನ ಹಿಂದೆ ಯಾರೋ ಅರದಲ್ಲಿ ಉಜ್ಜಿ ಸಣ್ಣ ಮಾಡಿದ್ರು. ಹಿಂದೊಂದು ಸಲ ರಿಪೇರಿಗೆ ಬಂದಾಗ ನಾನೇ ನೋಡಿದ್ದೆ. ಈಗ ಉಜ್ಜಿದ ಗುರುತೇ ಇಲ್ಲ."

"ಅಂದ್ರೆ ಇದು ಬೇರೆ ಗಡಿಯಾರ ಅಂತ ನೀವೇ ಹೇಳ್ತಿದ್ದೀರಿ."

"ನಾನು ಹಾಗೆ..."

"ಈಗ ತಾನೇ ಹೇಳಿದ್ರಲ್ಲ!"

ತಮ್ಮ ನೇರವಾದ ನಾಲಿಗೆಯೇ ತಮಗೆ ಎದುರುಸಾಕ್ಷಿ ನುಡಿದದ್ದು ರಿಪೇರಿಯವರಿಗೆ ಆಗ ಅರಿವಾಯಿತು. ಆದರೂ ಅವರು ಧೃತಿಗೆಡಲಿಲ್ಲ. ಗಡಿಯಾರವನ್ನು ಬೋರಲು ಮಾಡಿ, ಹಿಂದಿನ ತಗಡಿನ ತಿರುಪುಗಳನ್ನು ಬಿಚ್ಚತೊಡಗಿದರು.

ಆ ಕಸುಬಿನವರಲ್ಲಿ ಒಂದು ಪದ್ಧತಿಯುಂಟು. ಬಿಚ್ಚಿದ ಗಡಿಯಾರವನ್ನು ಮುಚ್ಚುವ ಮುನ್ನ ತಗಡಿನ ಒಳಮೈಯಲ್ಲಿ ಸೂಜಿಯ ಮೊನೆಯಿಂದ ತಮ್ಮದೊಂದು ಗೀರನ್ನು ಎಳೆದಿಡುತ್ತಾರೆ. ಗಿರಾಕಿಯ ಕಣ್ಣಿಗೆ ಅದು ಬೀಳದು; ಮುಂದೊಮ್ಮೆ ಅದೇ ಗಡಿಯಾರವನ್ನು ಬಿಚ್ಚುವ ಇನ್ನೊಬ್ಬ ಕಸುಬುದಾರನಿಗೆ ಮಾತ್ರ ಕಂಡೀತು. ಹಳೆಯ ಗಡಿಯಾರವೊಂದರ ಬೆನ್ನೊಳಗೆ ಹೀಗೆ ಎಷ್ಟೋ ಕೈಗಳು ಒಂದರ ಪಕ್ಕ ಒಂದು ಕುಳಿತಿರುತ್ತವೆ. ಈ ರಿಪೇರಿಯವರ ಗೀರು ಕಾಗೆಯ ಕಾಲಿನ ಆಕಾರದ್ದು.

"ನನ್ನ ಗುರುತು ಇಲ್ಲೇ ಇದೆ. ನೀವೇ ನೋಡಿ," ಎನ್ನುತ್ತ ಅವರು ತಗಡನ್ನು ಬೆಳಕಿಗೆ ತಿರುಗಿಸಿದರು.

ಕಾಗೆಯ ಕಾಲು ಇರಲಿಲ್ಲ. ಅವರಿಗಿಂತ ಮೊದಲಿನವರ ಗೀರುಗಳೂ ಇರಲಿಲ್ಲ. ಹಿತ್ತಾಳೆಯ ತಗಡು ಇಂದು ಬೆಳಿಗ್ಗೆ ಎರಕದಿಂದ ಎತ್ತಿದಂತೆ ಹೊಳೆಯುತ್ತಿತ್ತು.

ರಿಪೇರಿಯವರ ಮುಖದಲ್ಲಿ ಬಣ್ಣವುಳಿಯಲಿಲ್ಲ. ವಿಚಿತ್ರವೆಂದರೆ ಹರಾಜಿನವರು ಅವರ ಮುಖವನ್ನು ನೋಡಲೇ ಇಲ್ಲ. ಬಹಳ ಹೊತ್ತು ತಗಡನ್ನೇ ನೋಡಿದರು. ಮಗಳು ಅದನ್ನೂ ಗಮನಿಸಿದಳು, ಅರ್ಥ ಮಾತ್ರ ತಿಳಿಯಲಿಲ್ಲ.

"ಇದು ನಮ್ಮ ತಾತನ ಕಾಲದ ಗಡಿಯಾರ. ಅವರ ಕೀಲಿಕೈ ಸಮೇತ ನನ್ನ ಕೈಗೆ ಬಂದದ್ದು," ಎಂದರು ಅವರು ನಿಧಾನವಾಗಿ. "ಅಂಗಡಿ ಮುಚ್ಚೋ ಹೊತ್ತಿಗೆ ಮತ್ತೆ ಬರ್ತೀನಿ. ನನ್ನದು ನನಗೆ ಸಿಗಬೇಕು. ಇಲ್ಲದಿದ್ರೆ ಪೊಲೀಸರನ್ನ ಕರೆಸ್ತೀನಿ. ಇನ್ನೊಬ್ಬರ ಗಡಿಯಾರ ಬದಲಾಯಿಸೋನು ಅಂತ ಒಂದು ಸಲ ಹೆಸರು ಬಂದ್ರೆ, ಆಮೇಲೆ ಈ ಬಾಗಿಲಿಗೆ ಯಾರು ಬರ್ತಾರೆ ಹೇಳಿ?"

ಹೊಸ್ತಿಲ ಬಳಿ ನಿಂತು ತಿರುಗಿದರು.

"ಅಂದಹಾಗೆ, ಇಲ್ಲಿಗೆ ಯಾರ್ಯಾರು ಬಂದು ಹೋಗ್ತಾರೆ?"

"ಗಿರಾಕಿಗಳು. ಮತ್ತೆ ಮಗಳ ಸ್ನೇಹಿತರು."

"ಸ್ನೇಹಿತರು," ಎಂದು ಹರಾಜಿನವರು ಆ ಪದದ ರುಚಿ ನೋಡಿದಂತೆ ಮತ್ತೊಮ್ಮೆ ನುಡಿದು ಹೊರಟುಹೋದರು.

ಯಾವುದನ್ನು ಕಂಡರೂ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಇಣುಕುವ ಅಭ್ಯಾಸದಿಂದ ರಿಪೇರಿಯವರ ಮಗಳಿಗೆ ಸ್ನೇಹಿತರು ಇಟ್ಟ ಹೆಸರು ಭೂತಗನ್ನಡಿ. ಅಷ್ಟುದ್ದ ಕರೆಯಲು ಬೇಸರವಾದಾಗ ಬರೀ ಭೂತ. ಆ ಭೂತ ಈಗ ತಂದೆಯತ್ತ ನೋಡುತ್ತ ನಿಂತಿತು.

ತಂದೆ ಏನೋ ಒಂದು ಕೆಲಸ ಕೈಗೆ ಬೇಕೆಂಬಂತೆ, ಕುಂಚಗಳನ್ನು ಹಾಕಿಡುವ ಹಳೆಯ ಪಿಂಗಾಣಿ ಕಪ್ಪನ್ನು ಹಿಡಿಯಿಂದ ಎತ್ತಿ ಪಕ್ಕಕ್ಕಿಟ್ಟರು.

ಹಿಡಿಯಿಂದ!

ಭೂತಗನ್ನಡಿಯ ಕೈಯಲ್ಲಿದ್ದ ಬಟ್ಟೆ ನಿಂತಿತು. ಆ ಕಪ್ಪಿಗೆ ಹಿಡಿಯೇ ಇರಲಿಲ್ಲ. ಅವಳು ನಡೆಯಲು ಕಲಿಯುವ ಮುಂಚೆಯೇ ಮುರಿದುಹೋದದ್ದದು. ಮುರಿದ ಜಾಗದ ಎರಡು ಒರಟು ಗಂಟುಗಳನ್ನು ಸವರುತ್ತಲೇ ಅವಳು ಬೆಳೆದಿದ್ದಳು. ಈಗ ಅಲ್ಲಿ ನುಣುಪಾದ, ಬಿಳಿಯ, ನೀಲಿ ಗೆರೆಯ ಹಿಡಿಯೊಂದು ಏನೂ ಅರಿಯದಂತೆ ಕುಳಿತಿತ್ತು.

ನಿನ್ನೆ ನಡೆದದ್ದು ಇಷ್ಟು: ತಂದೆ ಹೊರಗೆ ಹೋಗಿದ್ದಾಗ ಪಕ್ಕದ ಬೇಕರಿಯ ಸ್ನೇಹಿತನ ಮೊಣಕೈ ತಗುಲಿ ಇದೇ ಗಡಿಯಾರ ಕಪಾಟಿನಿಂದ ಬಿದ್ದು ಚೂರುಚೂರಾಗಿತ್ತು; ಅವಳೂ ಅವನೂ ತಂದೆಯನ್ನು ಕರೆತರಲು ಓಡಿದ್ದರು; ಅವರು ಸಿಗದೆ ಮರಳಿ ಬರುವಷ್ಟರಲ್ಲಿ ಅದು ಕಪಾಟಿನಲ್ಲಿ ಇಡಿಯಾಗಿ ನಿಂತು ಟಿಕ್‌ಟಿಕ್ ಎನ್ನುತ್ತಿತ್ತು. "ಬಿತ್ತು, ಆದ್ರೆ ಒಡೀಲಿಲ್ಲ. ನೀವು ಸುಮ್ಮನೆ ಹೆದರಿಕೊಂಡ್ರಿ," ಎಂದಿದ್ದಳು ಅಲ್ಲೇ ಉಳಿದಿದ್ದ ಮೂರನೆಯವಳು.

ಆ ಮೂರನೆಯವಳನ್ನು ಎಲ್ಲರೂ ಚೀಲ ಎಂದೇ ಕರೆಯುತ್ತಿದ್ದರು. ಬಣ್ಣಗೆಟ್ಟ ಹಳೆಯ ಬಟ್ಟೆಚೀಲವೊಂದು ಅವಳ ಹೆಗಲಿನಿಂದ ಇಳಿದದ್ದನ್ನು ಕಂಡವರಿಲ್ಲ. ಟೈಲರ್ ಕೆಲಸದ ಸೋದರತ್ತೆಯ ಮನೆಯಲ್ಲಿ ಬೆಳೆಯುತ್ತಿದ್ದ, ಮಾತು ಕಡಿಮೆಯ ಹುಡುಗಿ.

ಗಡಿಯಾರದ ಬಳಿ ಒಂಟಿಯಾಗಿದ್ದವಳು ಅವಳೊಬ್ಬಳೇ. ಬದಲಾಯಿಸಿದ್ದರೆ ಅವಳೇ ಬದಲಾಯಿಸಿರಬೇಕು. ಈ ತೀರ್ಮಾನ ಭೂತಗನ್ನಡಿಯ ಗಂಟಲಿನಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು. ನುಂಗಲೂ ಆಗದು, ಉಗುಳಲೂ ಆಗದು.

ಆಗ ಅವಳಿಗೆ ಚೂರಿನ ನೆನಪಾಯಿತು.

ನಿನ್ನೆ ಓಡುವ ಮುನ್ನ, ಗಡಿಯಾರದ ಮುಖದ ಬಿಳಿಯ ಚೂರೊಂದನ್ನು ಅವಳು ನೆಲದಿಂದ ಎತ್ತಿ ಕರವಸ್ತ್ರದಲ್ಲಿ ಗಂಟುಕಟ್ಟಿ ಲಂಗದ ಜೇಬಿಗೆ ಹಾಕಿಕೊಂಡಿದ್ದಳು. ಅದರ ಮೇಲೆ ಎಂಟರ ಅಂಕೆಯಿತ್ತು.

ಅಂಗಡಿಯ ಮೇಲಿನ ಮನೆಗೆ ಮೆಟ್ಟಿಲುಗಳನ್ನು ಹಾರಿಕೊಂಡು ಹೋದಳು. ಲಂಗ ಗೂಟದಲ್ಲಿ ನೇತಾಡುತ್ತಿತ್ತು. ಕರವಸ್ತ್ರ ಜೇಬಿನಲ್ಲಿತ್ತು, ಗಂಟು ಬಿಚ್ಚಿರಲಿಲ್ಲ, ಚೂರು ಮಾತ್ರ ಇರಲಿಲ್ಲ. ಕರವಸ್ತ್ರದಲ್ಲಿ ಬ್ಲೇಡಿನಿಂದ ಕೊಯ್ದಂಥ ಒಂದು ಸೀಳು. ಅದಕ್ಕೆ ಸರಿಯಾಗಿ ಜೇಬಿನಲ್ಲೂ ಒಂದು ಸೀಳು. ಅವಳು ಒಂದು ಕಣ್ಣು ಮುಚ್ಚಿ ನೋಡಿದಳು. ಸೀಳಿನ ಎಳೆಗಳೆಲ್ಲ ಹೊರಮುಖವಾಗಿ ಬಾಗಿದ್ದವು.

ಕದ್ದವನ ಕೈ ಹೊರಗಿನಿಂದ ಒಳಗೆ ಬರುತ್ತದೆ. ಇದು ಒಳಗಿನಿಂದ ಹೊರಗೆ ಹೋಗಿತ್ತು. ಅವಳು ಬೀದಿಯಲ್ಲಿ ಓಡುತ್ತಿದ್ದಾಗ ಆ ಚೂರು ತಾನಾಗಿಯೇ ಜೇಬು ಸೀಳಿಕೊಂಡು ತನ್ನ ಮನೆಗೆ ಮರಳಿತ್ತು.

ಗಡಿಯಾರ ಬದಲಾಗಿರಲಿಲ್ಲ. ಅದು ಅದೇ ಗಡಿಯಾರ. ಹಾಗಾದರೆ ಚೀಲ ಕಳ್ಳಿಯಲ್ಲ.

ಹಾಗಾದರೆ ಚೀಲ ಯಾರು?

ಪಕ್ಕದ ಬೇಕರಿಯ ಉಗ್ರಾಣದಲ್ಲಿ ಮೈದಾ ಮೂಟೆಗಳನ್ನು ಮಾಡಿನೆತ್ತರ ಒಟ್ಟಲಾಗಿತ್ತು. ಮೇಲಿನ ಗಾಜಿನ ಕಿಂಡಿಯಿಂದ ಇಳಿದ ಮಧ್ಯಾಹ್ನದ ಬಿಸಿಲಿನಲ್ಲಿ ಹಿಟ್ಟಿನ ಪುಡಿ ಮೆಲ್ಲನೆ ತೇಲುತ್ತಿತ್ತು. ಬೇಕರಿಯವರ ಮಗ, ಬನ್ನು ಎಂಬ ಅಡ್ಡಹೆಸರಿನ ದುಂಡುಮುಖದ ಹುಡುಗ, ಒಂದು ಮೂಟೆಯ ಮೇಲೆ ಕುಳಿತು ಕಾಲಾಡಿಸುತ್ತಿದ್ದ. ಚೀಲ ಬಾಗಿಲಿಗೆ ಒರಗಿ ನಿಂತಿದ್ದಳು.

"ಏನೇ ಭೂತ, ಕೋರ್ಟಿಗೆ ಕರೆಸಿದ ಹಾಗೆ ಕರೆಸಿದ್ದೀಯ? ಒಲೆ ಮೇಲೆ ಕಣ್ಣಿಡು ಅಂತ ಅಪ್ಪ ಹೇಳಿ ಹೋಗಿದ್ದಾರೆ. ಬ್ರೆಡ್ಡು ಸೀದ್ರೆ ಬೈಸಿಕೊಳ್ಳೋನು ನಾನು."

"ಲೋ ಬನ್ನು, ನಿನ್ನೆ ಗಡಿಯಾರ ಒಡೀತೋ ಇಲ್ವೋ?"

ಬನ್ನು ಕಾಲಾಡಿಸುವುದನ್ನು ನಿಲ್ಲಿಸಿದ. "ಒಡೀಲಿಲ್ಲ ಅಂತ ಇವಳೇ ಹೇಳಿದ್ಲಲ್ಲ."

"ಅವಳು ಹೇಳಿದ್ದು ಬಿಡು. ನಿನ್ನ ಕಣ್ಣು ಏನು ಹೇಳ್ತು?"

"ನನ್ನ ಕಣ್ಣಿಗೆ ನಿನ್ನ ಕಣ್ಣಿನಷ್ಟು ಸೊಕ್ಕಿಲ್ಲ ಕಣೇ." ಸ್ವಲ್ಪ ತಡೆದು ಹೇಳಿದ. "ಒಡೆದದ್ದು ನೋಡಿದೆ. ಒಂದು ಚಕ್ರ ನನ್ನ ಚಪ್ಪಲಿ ಹತ್ರ ಉರುಳಿಕೊಂಡು ಬಂದಿತ್ತು. ಆಮೇಲೆ ಸರಿಯಾಗಿತ್ತಲ್ಲ, ದೇವರು ದೊಡ್ಡವನು ಅಂತ ಸುಮ್ಮನಾದೆ."

ಭೂತಗನ್ನಡಿ ಕರವಸ್ತ್ರವನ್ನು ಮೂಟೆಯ ಮೇಲೆ ಹರಡಿದಳು. ಅದರ ಪಕ್ಕದಲ್ಲಿ ಕುಂಚದ ಕಪ್ಪನ್ನು ಇಟ್ಟಳು. ಆಮೇಲೆ ಬೆಳಿಗ್ಗೆ ಅಂಗಡಿಯಲ್ಲಿ ನಡೆದದ್ದನ್ನೆಲ್ಲ, ದಪ್ಪವಾದ ಮೊಳೆ, ಮಾಯವಾದ ಗೀರು, ಪೊಲೀಸರ ಮಾತು, ಒಂದೊಂದಾಗಿ ಹೇಳಿದಳು. ದನಿ ಏರಿಸಲಿಲ್ಲ.

"ಈ ಕಪ್ಪಿಗೆ ಹಿಡಿ ಎಲ್ಲಿಂದ ಬಂತು, ಚೀಲ?"

ಚೀಲ ಕಪ್ಪನ್ನು ನೋಡಿದಳು.

"ಎಡಗೈ ಮೇಜಿನ ಮೇಲೆ ಊರಿದ್ದೆ," ಎಂದಳು ತನಗೆ ತಾನೇ ಹೇಳಿಕೊಳ್ಳುವಂತೆ. "ಅದಕ್ಕೆ ತಾಗಿರಬೇಕು. ನೋಡಲೇ ಇಲ್ಲ."

ಬನ್ನು ಒಬ್ಬಳ ಮುಖದಿಂದ ಇನ್ನೊಬ್ಬಳ ಮುಖಕ್ಕೆ ಕಣ್ಣು ಹೊರಳಿಸಿ, ಇಬ್ಬರೂ ನಗುತ್ತಿಲ್ಲವೆಂದು ಕಂಡಮೇಲೆ, ತನ್ನ ಜೇಬಿಗೆ ಕೈಹಾಕಿದ. ಯಾವ ಕಾಲದ್ದೋ ಒಂದು ಅರ್ಧ ಬಿಸ್ಕತ್ತು ಹೊರಬಂತು. ಅಂಚು ಮುರಿದು, ಮೆತ್ತಗಾಗಿ, ಜೇಬಿನ ನೂಲು ಅಂಟಿಸಿಕೊಂಡಿತ್ತು.

"ತಗೋ. ಇದನ್ನ ಸರಿ ಮಾಡು ನೋಡೋಣ. ಆಗ್ಲಿಲ್ಲ ಅಂದ್ರೆ ಈ ಭೂತಕ್ಕೆ ತಲೆ ಕೆಟ್ಟಿದೆ ಅಂತ ಇಬ್ಬರೂ ಸೇರಿ ನಗಬಹುದು."

ಚೀಲ ಅಂಗೈ ಚಾಚಿದಳು. ಬಿಸ್ಕತ್ತಿನ ಮೇಲೆ ಬೆರಳುಗಳನ್ನು ಮಡಿಸಿದಳು. ಮಂತ್ರವಿಲ್ಲ, ಬೆಳಕಿಲ್ಲ, ಕಣ್ಣು ಮುಚ್ಚುವುದೂ ಇಲ್ಲ. ತಣ್ಣೀರಿನಲ್ಲಿ ಕೈಯಿಟ್ಟವಳಂತೆ ಭುಜ ಮಾತ್ರ ಒಮ್ಮೆ ಅದುರಿತು. ಬೆರಳು ಬಿಡಿಸಿದಾಗ ಅಂಗೈಯಲ್ಲಿ ಇಡೀ ಬಿಸ್ಕತ್ತೊಂದು, ಹೊಂಬಣ್ಣಕ್ಕೆ ತಿರುಗಿ, ಹೊಗೆಯಾಡುತ್ತಿತ್ತು.

ಬನ್ನು ಮುಟ್ಟಿ ಕೈ ಹಿಂದೆಳೆದ. "ಬಿಸಿ ಇದೆ!" ಮೂಸಿದ. "ಒಲೆಯಿಂದ ಈಗ ತೆಗೆದ ಹಾಗಿದೆ!" ಆಮೇಲೆ ಅದು ಬಾಯಿಯೊಳಗೆ ಹೋಯಿತು.

"ಲೋ ದರಿದ್ರದವನೇ, ಅದು ಸಾಕ್ಷಿ ಕಣೋ!" ಎಂದಳು ಭೂತಗನ್ನಡಿ.

"ಸಾಕ್ಷಿ ಚೆನ್ನಾಗಿದೆ," ಎಂದ ಬನ್ನು ತುಂಬಿದ ಬಾಯಲ್ಲಿ.

ಒಮ್ಮೆ ಬಾಯಿಬಿಟ್ಟ ಮೇಲೆ ಚೀಲ ಮುಚ್ಚಿಡಲಿಲ್ಲ. ತಾನು ಮುಟ್ಟಿ ಬಯಸಿದರೆ ಮುರಿದದ್ದು ಕೂಡುತ್ತದೆ. ಆದರೆ ಎಲ್ಲಿ ನಿಲ್ಲಬೇಕೆಂಬುದು ತನ್ನ ಕೈಗೆ ಗೊತ್ತಿಲ್ಲ. ವಸ್ತು ನಿನ್ನೆಯ ಸ್ಥಿತಿಗೆ ಮರಳುವುದಿಲ್ಲ, ಹುಟ್ಟಿದ ದಿನದ ಸ್ಥಿತಿಗೇ ಮರಳುತ್ತದೆ. ನಡುವೆ ಅದಕ್ಕೆ ಆದದ್ದೆಲ್ಲ, ಆದ ಕೇಡಿನ ಜೊತೆಗೆ ಮಾಡಿದ ಉಪಕಾರವೂ, ಅಳಿಸಿಹೋಗುತ್ತದೆ.

"ನಿಮ್ಮಪ್ಪನ ಗೀರು ಹೋಗುತ್ತೆ ಅಂತ ನನಗೆ ಹೊಳೀಲೇ ಇಲ್ಲ ಕಣೇ. ಆ ತಗಡಿನೊಳಗೆ ಗೀರು ಇರುತ್ತೆ ಅಂತಲೇ ಗೊತ್ತಿರಲಿಲ್ಲ."

"ಮತ್ತೆ ನಿನ್ನ ಚೀಲದ ಜಿಪ್ಪು?" ಎಂದು ಬನ್ನು ನಡುವೆ ಬಾಯಿಹಾಕಿದ. "ಅದರ ಹಿಡಿ ಹೋಗಿ ಎಷ್ಟು ಕಾಲವಾಯ್ತು. ಯಾವುದೋ ತುಕ್ಕು ಕಬ್ಬಿಣ ಕಟ್ಟಿಕೊಂಡು ಎಳೀತೀಯ. ಊರಿಗೆಲ್ಲ ರಿಪೇರಿ, ಮನೇಲಿ ಮಾತ್ರ ತೂತು!"

ಚೀಲ ಹೆಗಲಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಪಟ್ಟಿ ಮೈಗೆ ಸೇರುವಲ್ಲಿ ಬೇರೆ ಬಣ್ಣದ ದಾರದ ಅಂಕುಡೊಂಕಾದ ಹೊಲಿಗೆಗಳಿದ್ದವು. ಟೈಲರ್ ಮನೆಯ ಹೊಲಿಗೆಯಂತೂ ಅದಾಗಿರಲಿಲ್ಲ.

"ಇದು ಅಮ್ಮ ಹಾಕಿದ್ದು. ಅವಳಿಗೆ ಹೊಲಿಯೋಕೆ ಬರ್ತಿರಲಿಲ್ಲ. ನಾನು ತೀರಾ ಚಿಕ್ಕವಳಿದ್ದಾಗ ಇದನ್ನ ನನ್ನ ಕೊರಳಿಗೆ ಹಾಕಿ, ಅತ್ತೆ ಹತ್ರ ಬಿಟ್ಟು ಹೋದ್ಲು. ಇದನ್ನ ಸರಿ ಮಾಡಿದ್ರೆ ಹೊಲಿಗೆ ಹೋಗುತ್ತೆ. ಅವಳ ಕೈಯದು ಅಂತ ನನ್ನ ಹತ್ರ ಇರೋದು ಇಷ್ಟೇ."

ಬನ್ನು ಬಿಸ್ಕತ್ತಿನ ಪುಡಿಯನ್ನು ತುಟಿಯಿಂದ ಒರೆಸಿಕೊಂಡು ತಲೆತಗ್ಗಿಸಿದ.

"ಗಡಿಯಾರಕ್ಕೆ ಯಾಕೆ ಕೈ ಹಾಕಿದೆ?" ಎಂದು ಭೂತಗನ್ನಡಿ ಕೇಳಿದಳು. "ಒಡೆದವನು ಇವನು. ಬೈಸಿಕೊಳ್ಳೋರು ನಾವು. ನಿನಗೇನಿತ್ತು?"

"ಅದರ ಗಂಟೆ ಸದ್ದು ನನಗೆ ಗೊತ್ತಿತ್ತು. ಎಲ್ಲಿ ಕೇಳಿದ್ದೆ ಅಂತ ಗೊತ್ತಿಲ್ಲ, ಆದ್ರೆ ಕೇಳಿದ್ದೆ. ಹೋದ ವಾರ ನಿಮ್ಮಂಗಡಿ ಮುಂದೆ ಹೋಗ್ತಿದ್ದಾಗ ಬಾರಿಸ್ತು, ಕಾಲು ಮುಂದೆ ಹೋಗಲಿಲ್ಲ. ಅವತ್ತಿಂದ ದಿನಾ ಬರ್ತಿದ್ದೆ."

"ನಮ್ಮನ್ನ ನೋಡೋಕೆ ಬರ್ತಿದ್ದೀಯ ಅಂದ್ಕೊಂಡಿದ್ನಲ್ಲೇ," ಎಂದ ಬನ್ನು ನೊಂದವನಂತೆ.

"ನಿನ್ನನ್ನೂ ನೋಡ್ತಿದ್ದೆ ಬಿಡೋ." ಮೊದಲ ಬಾರಿಗೆ ಅವಳ ಮುಖದಲ್ಲಿ ನಗೆಯ ಎಳೆಯೊಂದು ಕಂಡಿತು. "ಈ ಕಬ್ಬಿಣ ಇದೆಯಲ್ಲ, ಇದನ್ನೂ ಅಮ್ಮನೇ ಕಟ್ಟಿದ್ದು. ಒಂದು ದಿನ ಯಾರೂ ಇಲ್ಲದಾಗ ಗಡಿಯಾರಕ್ಕೆ ಹಾಕಿ ನೋಡಿದೆ. ಕೂತ್ಕೊಂಡ್ತು, ಆದ್ರೆ ಸಡಿಲ, ಸುಮ್ಮನೆ ತಿರುಗ್ತಿತ್ತು. ನನ್ನದಲ್ಲ ಅಂದ್ಕೊಂಡು ಬಿಟ್ಟೆ."

ಭೂತಗನ್ನಡಿ ಒಂದು ಕಣ್ಣು ಮುಚ್ಚಿದಳು.

ಜಿಪ್ಪಿನ ತುದಿಯಲ್ಲಿ ನೇತಾಡುತ್ತಿದ್ದ ಆ ಕಬ್ಬಿಣದ ತುಂಡನ್ನು ಅವಳು ಎಷ್ಟು ಸಲ ನೋಡಿರಲಿಲ್ಲ! ಮೊಟ್ಟಮೊದಲ ಬಾರಿಗೆ ಅದರ ತುದಿಯೊಳಗೆ ಇಣುಕಿದಳು. ಒಳಗೆ ಚೌಕಾಕಾರದ ಗುಳಿಯಿತ್ತು.

"ಸಡಿಲ ಇತ್ತು ಅಂದ್ಯಲ್ಲ, ಅದು ಒಡೆಯೋಕೆ ಮುಂಚೆ ತಾನೇ? ಮೊಳೆಯನ್ನ ಯಾರೋ ಉಜ್ಜಿ ಸಣ್ಣ ಮಾಡಿದ್ದಾಗ?"

ಮೂವರೂ ಒಬ್ಬರನ್ನೊಬ್ಬರು ನೋಡಿದರು.

"ಈಗ ಮೊಳೆ ದಪ್ಪ ಇದೆ," ಎಂದ ಬನ್ನು ಪಿಸುದನಿಯಲ್ಲಿ.

"ಹರಾಜಿನವರ ಕೈಲಿರೋದು ಆಮೇಲೆ ಮಾಡಿಸಿದ ಕೀಲಿಕೈ. ಅದಕ್ಕೆ ಸರಿಹೋಗಲಿ ಅಂತ ಮೊಳೆ ಉಜ್ಜಿಸಿದ್ದಾರೆ. ತಾತನ ಗಡಿಯಾರ, ತಾತನ ಕೀಲಿಕೈ ಅನ್ನೋದೆಲ್ಲ ಕಟ್ಟುಕತೆ." ಭೂತಗನ್ನಡಿಯ ಮಾತು ಈಗ ಓಡುತ್ತಿತ್ತು. "ನಿನ್ನ ಕೈ ವಿಷಯ ಯಾರಿಗೂ ಹೇಳೋದೇ ಬೇಡ. ನಿಮ್ಮಮ್ಮ ಕೊಟ್ಟ ಕೀಲಿಕೈ ಇದಕ್ಕೆ ಸರಿಯಾಗಿ ಕೂತರೆ ಸಾಕು. ಇದು ನಿಮಗೆ ಹೇಗೆ ಬಂತು ಅಂತ ಅವರನ್ನೇ ಕೇಳೋಣ. ಆಗ ಪೊಲೀಸರ ಮಾತು ಅವರ ಬಾಯಿಂದ ಬರಲಿ ನೋಡೋಣ."

ಚೀಲ ಹಿಂದೆ ಸರಿದಳು.

"ಅತ್ತೆ ಹೇಳಿದ್ದಾರೆ, ಯಾರ ಮುಂದೇನೂ ಇದನ್ನ ತೆಗೀಬೇಡ ಅಂತ. ಹಿಂದಿನ ಊರಲ್ಲಿ ಒಂದು ಸಲ ನನ್ನ ಕೈ ವಿಷಯ ಪಕ್ಕದ ಮನೆಗೆ ಗೊತ್ತಾಯ್ತು. ಮೊದಲು ಒಡೆದ ಗಡಿಗೆ ತಂದ್ರು. ಆಮೇಲೆ ಒಬ್ಬಾಕೆ ಹಾಸಿಗೆ ಹಿಡಿದ ತನ್ನ ತಾಯಿಯನ್ನ ಎತ್ತಿಕೊಂಡು ಬಂದ್ಲು. 'ಮುಟ್ಟು, ಮುಟ್ಟು' ಅಂತ ನನ್ನ ಕಾಲು ಹಿಡ್ಕೊಂಡ್ಲು. ಮುಟ್ಟಿದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಾಗ್ತಿದೆಯಾ? ಅಲ್ಲಿಂದ ಅವತ್ತೇ ಹೊರಟುಬಂದ್ವಿ."

ಭೂತಗನ್ನಡಿ ಬಿಸ್ಕತ್ತಿನ ಬಿಸಿಯನ್ನು ನೆನೆದಳು. ಹಾಸಿಗೆ ಹಿಡಿದ ಆ ತಾಯಿಯೂ ಹಾಗೆಯೇ ಹುಟ್ಟಿದ ದಿನಕ್ಕೆ ಮರಳಿಬಿಡುತ್ತಿದ್ದಳು. ಆದರೂ ಅವಳ ಕಣ್ಣ ಮುಂದೆ ನಿಂತದ್ದು ತಂದೆಯ ಅಲ್ಲಾಡದ ಬೆನ್ನು.

"ನನ್ನಪ್ಪ ಹುಟ್ಟಿದಾಗಿಂದ ಯಾರದೂ ಒಂದು ತಿರುಪು ಕೂಡ ಮುಟ್ಟಿದವರಲ್ಲ ಕಣೇ," ಎಂದಳು.

ಚೀಲ ಬಹಳ ಹೊತ್ತು ಹೊಲಿಗೆಯನ್ನು ಬೆರಳಿನಿಂದ ಸವರಿದಳು.

"ಬರ್ತೀನಿ," ಎಂದಳು ಕೊನೆಗೆ.

ಆ ಹೊತ್ತಿಗೆ ಹೊರಗಿನಿಂದ ಸುಟ್ಟ ಬ್ರೆಡ್ಡಿನ ವಾಸನೆ ಬಂತು. ಬನ್ನು ತಲೆಯ ಮೇಲೆ ಕೈ ಹೊತ್ತುಕೊಂಡು ಓಡಿದ.

ಅಂಗಡಿಯಲ್ಲಿ ಗಡಿಯಾರಗಳು ತಮ್ಮ ತಮ್ಮ ಲೆಕ್ಕದಲ್ಲಿ ನಡೆಯುತ್ತಿದ್ದವು. ರಿಪೇರಿಯವರು ಮೇಜನ್ನು ಒರೆಸಿ, ಉಪಕರಣಗಳನ್ನು ಅಳತೆಯ ಪ್ರಕಾರ ಸಾಲಾಗಿ ಜೋಡಿಸಿ, ಕೈಕಟ್ಟಿ ಕುಳಿತಿದ್ದರು. ದೂರದ ಊರಿಗೆ ಹೊರಟವನು ಮನೆಯನ್ನು ಓರಣಗೊಳಿಸಿದಂತಿತ್ತು ಅದು.

ಹರಾಜಿನವರು ಹೇಳಿದ ಮಾತಿಗೆ ತಪ್ಪದೆ ಬಂದರು. ಒಬ್ಬರೇ ಬಂದರು. ಮೂವರು ಎಳೆಯರು ಮೇಜಿನ ಹಿಂದೆ ಸಾಲಾಗಿ ನಿಂತಿದ್ದನ್ನು ಕಂಡು ಹುಬ್ಬೇರಿಸಿದರು.

"ಇವರೇನಾ ಸ್ನೇಹಿತರು?"

"ಯಜಮಾನರೇ," ಎಂದು ಭೂತಗನ್ನಡಿ ಗಂಟಲು ಸರಿಪಡಿಸಿಕೊಂಡಳು. "ಗಡಿಯಾರ ನಿಮ್ಮ ತಾತನದು, ಕೀಲಿಕೈಯೂ ಅವರದೇ. ಹೌದಲ್ವಾ?"

"ಹೌದು ಮರಿ."

"ಬೇರೆ ಯಾರ ಕೀಲಿಕೈಯೂ ಇದಕ್ಕೆ ಕೂರಬಾರದು."

"ಕೂರಬಾರದು."

"ಏನಮ್ಮಾ ಇದು?" ಎಂದು ತಂದೆ ಮಗಳತ್ತ ತಿರುಗಿದರು. ಅಷ್ಟರಲ್ಲಿ ಚೀಲ ಮುಂದೆ ಬಂದಳು. ಸ್ನೇಹಿತರು ಕಂಡಂತೆ ಅಂದೇ ಮೊದಲು, ಆ ಚೀಲ ಅವಳ ಹೆಗಲಿನಿಂದ ಇಳಿಯಿತು. ಅದನ್ನು ಮಗುವನ್ನು ಮಲಗಿಸುವಂತೆ ಮೇಜಿನ ಮೇಲೆ ಇಟ್ಟು, ಜಿಪ್ಪಿಗೆ ಕಟ್ಟಿದ್ದ ಕಬ್ಬಿಣದ ತುಂಡನ್ನು, ಕಟ್ಟು ಬಿಚ್ಚದೆಯೇ, ಗಡಿಯಾರದ ಮುಖಕ್ಕೆ ಹಿಡಿದಳು.

ಅದು ಒಳಗೆ ಹೋಯಿತು. ತಡೆಯಿಲ್ಲ, ಸಡಿಲವೂ ಇಲ್ಲ. ಅವಳು ತಿರುಗಿಸಿದಳು. ಒಳಗಿನ ಸುರುಳಿ ಕರಕರನೆ ಬಿಗಿಯಾಯಿತು. ಮುಳ್ಳು ಅರ್ಧ ಗಂಟೆಯ ಗುರುತನ್ನು ದಾಟುತ್ತಿದ್ದಂತೆ ಗಡಿಯಾರ ಒಂದೇ ಒಂದು ಬಾರಿ, ನೀರಿನಾಳದಿಂದ ಬಂದಂಥ ದನಿಯಲ್ಲಿ, ಬಾರಿಸಿತು.

ಬನ್ನು ಉಸಿರುಬಿಟ್ಟ. ಭೂತಗನ್ನಡಿ ಹರಾಜಿನವರ ಮುಖವನ್ನೇ ನೋಡುತ್ತಿದ್ದಳು. ಸಿಕ್ಕಿಬಿದ್ದವನ ಮುಖ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಅಲ್ಲಿ ಆ ಮುಖ ಕಾಣಲಿಲ್ಲ.

ಅವರು ಕೀಲಿಕೈಯನ್ನು ನೋಡುತ್ತಿರಲಿಲ್ಲ. ಹೊಲಿಗೆಗಳನ್ನು ನೋಡುತ್ತಿದ್ದರು.

"ಅವಳಿಗೆ ಹೊಲಿಯೋಕೆ ಕೊನೆಗೂ ಬರಲಿಲ್ಲ," ಎಂದರು.

ಬಾಗಿಲ ಬಳಿಗೆ ಹೋದರು. ಗಾಜಿಗೆ ತೂಗುಹಾಕಿದ್ದ ಹಲಗೆಯನ್ನು 'ಮುಚ್ಚಿದೆ' ಎಂಬ ಮಗ್ಗುಲಿಗೆ ತಿರುಗಿಸಿದರು. ಚಿಲಕ ಹಾಕಿದರು. ಅವಸರವಿರಲಿಲ್ಲ.

"ಗಡಿಯಾರ ಬದಲಾಗಿಲ್ಲ ಅಂತ ನನಗೆ ಬೆಳಿಗ್ಗೆ ತಗಡು ನೋಡಿದ ಕೂಡಲೇ ಗೊತ್ತಾಯ್ತು ರಿಪೇರಿಯವರೇ. ಹಳೇದು ಹೀಗೆ ಹೊಸದಾಗೋದನ್ನ ನಾನು ಹಿಂದೊಂದು ಸಲ ನೋಡಿದ್ದೀನಿ. ಮಾಡಿದವರು ಯಾರು ಅಂತಷ್ಟೇ ಗೊತ್ತಾಗಬೇಕಿತ್ತು. ನಿಮ್ಮ ಮೇಲೆ ಅಪವಾದ ಹಾಕಿದರೆ, ಒಳ್ಳೆಯ ಮಕ್ಕಳಾಗಿದ್ರೆ, ತಾವಾಗೇ ಬರ್ತಾರೆ ಅಂದ್ಕೊಂಡೆ." ಭೂತಗನ್ನಡಿಯತ್ತ ತಲೆಯಾಡಿಸಿದರು. "ನೀನೇ ಕರ್ಕೊಂಡು ಬಂದೆ. ಜಾಣೆ."

ಬೆಳಿಗ್ಗೆ ಅವರು ಹೊಸ್ತಿಲಲ್ಲಿ ಕೇಳಿದ ಪ್ರಶ್ನೆ ಈಗ ಭೂತಗನ್ನಡಿಯ ಕಿವಿಯಲ್ಲಿ ಮತ್ತೆ ಕೇಳಿಸಿತು. ಅದನ್ನು ಗಮನಿಸಿದ್ದಳು. ಅರ್ಥಮಾಡಿಕೊಂಡಿರಲಿಲ್ಲ.

"ಗಡಿಯಾರದ ಮಾತು ಇಲ್ಲಿಗೆ ಬಿಟ್ಟೆ. ಪೊಲೀಸರೂ ಬೇಡ, ದೂರೂ ಬೇಡ. ಈ ಹುಡುಗಿ ಈಗ ನನ್ನ ಜೊತೆ ಬರಲಿ. ಬರಲ್ಲ ಅಂದ್ರೆ, ನಿಮ್ಮ ಗುರುತಿಲ್ಲದ ಗಡಿಯಾರವನ್ನ ನಾಳೆ ಪೇಟೆಯೆಲ್ಲ ನೋಡುತ್ತೆ. ಹೇಗೆ ಹೀಗಾಯ್ತು ಅಂತ ಇವಳು ಎಲ್ಲರ ಮುಂದೆ ಹೇಳಬೇಕಾಗುತ್ತೆ."

ರಿಪೇರಿಯವರಿಗೆ ಅರ್ಧ ಮಾತು ತಿಳಿದಿತ್ತು, ಅರ್ಧ ತಿಳಿದಿರಲಿಲ್ಲ. ಆದರೆ ಅವರು ಎದ್ದು ಆ ಹುಡುಗಿಯ ಮುಂದೆ ಬಂದು ನಿಂತರು.

"ನನ್ನ ಅಂಗಡಿ ಹೋದರೆ ಹೋಗಲಿ. ಮಗುವನ್ನ ಮುಟ್ಟಬೇಡಿ."

"ನಾನು ಮುಟ್ಟೋದಿಲ್ಲ. ಅವಳೇ ಮುಟ್ಟಬೇಕು."

ಹರಾಜಿನವರು ಜೇಬಿನಿಂದ ಎಡಗೈಯನ್ನು ಹೊರತೆಗೆದರು. ಅದಕ್ಕೆ ಕಪ್ಪು ಚರ್ಮದ ಕೈಗವಸಿತ್ತು. ಹಲ್ಲಿನಿಂದ ಅದರ ತುದಿಯನ್ನು ಕಚ್ಚಿ ಎಳೆದರು. ಒಳಗೆ ತುರುಕಿದ್ದ ಹತ್ತಿಯ ಉಂಡೆಗಳು ನೆಲಕ್ಕೆ ಉದುರಿದವು.

ನರೆತ ಕೂದಲಿನ, ಸುಕ್ಕುಬಿದ್ದ, ಗಂಡಸಿನ ಮಣಿಕಟ್ಟು. ಅದರ ತುದಿಯಲ್ಲಿ, ನೆಲ್ಲಿಕಾಯಿಯಷ್ಟು ದುಂಡಗಿನ ಮುಷ್ಟಿ ಬಿಗಿದ, ಆಗತಾನೇ ಹುಟ್ಟಿದ ಹಸುಗೂಸಿನ ಗುಲಾಬಿ ಕೈ.

ಬನ್ನು ಒಂದು ಹೆಜ್ಜೆ ಹಿಂದೆ ಸರಿದ.

"ಯಂತ್ರಕ್ಕೆ ಸಿಕ್ಕಿ ಎರಡು ಬೆರಳು ಹೋಗಿದ್ವು. ಸರಿ ಮಾಡು ಅಂತ ನಿಮ್ಮಮ್ಮನನ್ನ ಬೇಡಿಕೊಂಡೆ. ಅವಳು ಬೇಡ ಬೇಡ ಅಂದ್ಲು, ನಾನೇ ಬಿಡಲಿಲ್ಲ. ಇದನ್ನ ನೋಡಿ, ಗಡಿಯಾರ ನನ್ನ ಮನೇಲೇ ಬಿಟ್ಟು ಓಡಿಹೋದ್ಲು. ಅವತ್ತಿಂದ ಇದು ಬೆಳೀಲಿಲ್ಲ." ಅವರ ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ಭಯಂಕರವಾಗಿತ್ತು. "ಅವಳು ಅರ್ಧಕ್ಕೆ ಬಿಟ್ಟದ್ದನ್ನ ನೀನು ಮುಗಿಸಿ, ಇದನ್ನ ಗಂಡಸಿನ ಕೈ ಮಾಡಬೇಕು."

ಅವರು ಆ ಕೈಯನ್ನು ಮೇಜಿನ ಮೇಲೆ ಚಾಚಿದರು. ಸಿಕ್ಕಿದ್ದನ್ನು ಹಿಡಿಯುವುದು ಕೂಸಿನ ಕೈಯ ಸ್ವಭಾವ. ಪುಟ್ಟ ಬೆರಳುಗಳು ತೆರೆದುಕೊಂಡವು, ತಡಕಾಡಿದವು, ಚೀಲದ ಪಟ್ಟಿಯನ್ನು ಕಂಡು ಮುಚ್ಚಿಕೊಂಡವು.

ಹುಡುಗಿ ಇತ್ತ ಎಳೆದಳು. ಆ ಕೈ ಬಿಡಲಿಲ್ಲ.

ತಾಯಿ ಹಾಕಿದ ಹೊಲಿಗೆಯೊಂದು ಟಪ್ಪೆಂದು ಕಿತ್ತಿತು.

ಈ ಬಾಗಿಲ ಚಿಲಕ ತೆರೆಯುವವರೆಗೆ ಕೇಳುಗರ ಮನಸ್ಸು ಇಲ್ಲಿಯೇ ನಿಲ್ಲಲಿ. ಅವರ ಬಾಳು ಮಾತ್ರ ಎಲ್ಲಿಯೂ ನಿಲ್ಲದಿರಲಿ. ಇದನ್ನು ಓದಿದವರ, ಓದಿಸಿದವರ, ಗೋಡೆಯಾಚೆಯಿಂದ ಕಿವಿಗೊಟ್ಟವರ ಮನೆಯಲ್ಲಿ ಒಡೆದದ್ದು ಒಲವಿನ ಕೈಗೆ ಸಿಕ್ಕಲಿ, ಆ ಕೈಯ ಗುರುತು ಅಳಿಯದೆ ಉಳಿಯಲಿ. ಪರಮಾತ್ಮನು ಸರ್ವರನ್ನೂ ಕಾಯಲಿ.